ಕಾಳಿನ ಪಾಯಸದ ಶುಕ್ರವಾರ

ಆ ಮಾತನ್ನು ಯುದೆಲ್ಕಾ ಬೆಳಗ್ಗೆಯಿಂದ ಬಾಯಲ್ಲಿಟ್ಟುಕೊಂಡೇ ತಿರುಗುತ್ತಿದ್ದಳು, ಹುಣಸೆಬೀಜವನ್ನು ಉಗುಳಲು ಜಾಗ ಸಿಗದೆ ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸುವ ಹಾಗೆ. ಮನೆಯಲ್ಲಿ ಕನ್ನಡಿಯ ಮುಂದೆ ಒಮ್ಮೆ ಅಂದು ನೋಡಿದ್ದಳು. ಬಸ್ಸಿನಲ್ಲಿ ತುಟಿಯಾಡಿಸಿದಾಗ ಪಕ್ಕದ ಹೆಂಗಸು, ಈಸ್ಟರಿಗೆ ಮುಂಚಿನ ತಪಸ್ಸುಕಾಲವಲ್ಲವೇ, ಹುಡುಗಿ ಜಪ ಮಾಡುತ್ತಿದೆ ಅಂದುಕೊಂಡು ಸರಿದು ಜಾಗ ಬಿಟ್ಟಿದ್ದಳು. ಈಗ ಕೊಲೊನ್ ಚೌಕದಲ್ಲಿ, ಪಾರಿವಾಳಗಳ ನಡುವೆ, ಪ್ರವಾಸ ಕಂಪನಿಯ ಹಳದಿ ಕೊಡೆ ಹಿಡಿದು ಗುಂಪಿಗಾಗಿ ಕಾಯುತ್ತಿರುವಾಗಲೂ ಅದು ನಾಲಿಗೆಯ ಕೆಳಗೇ ಇತ್ತು. ಸಣ್ಣ ಮಾತು. ಬೆಂದಿಸಿಯೋನ್, ಆಶೀರ್ವಾದ ಮಾಡಿ ಅನ್ನುವುದು. ಸಾಂತೊ ದೊಮಿಂಗೊದ ಮಕ್ಕಳು ಹಾಲುಹಲ್ಲು ಮೂಡುವಾಗಲೇ ಅದನ್ನು ಕಲಿತು, ಅರ್ಧ ನುಂಗಿ, ಬರೀ ‘ಸಿಯೋನ್’ ಮಾಡಿಬಿಡುತ್ತಾರೆ. ಶಾಲೆಯ ಚೀಲ ಎಸೆಯುತ್ತ ಸಿಯೋನ್ ಮಮಿ, ಫೋನ್ ಎತ್ತಿದ ಕೂಡಲೇ ಸಿಯೋನ್ ಅಜ್ಜಿ, ಬೀದಿಯ ಆಚೆ ಬದಿಯಲ್ಲಿ ಮಾವ ಕಂಡರೆ ಮೋಟರುಬೈಕುಗಳ ಗದ್ದಲದ ಮೇಲೆ ಗಂಟಲೆತ್ತಿ ಸಿಯೋನ್. ‘ದೇವ್ರು ಒಳ್ಳೇದು ಮಾಡ್ಲಿ’ ಎಂಬ ಉತ್ತರ ಬಂದೇ ಬರುತ್ತದೆ. ಕೇಳಿದವರಿಗೆ ಇಲ್ಲ ಅನ್ನುವ ಹಾಗಿಲ್ಲ. ಗೋಡೆಯ ಒತ್ತುವರಿಗಾಗಿ ಕೋರ್ಟು ಹತ್ತಿದ ಚಿಕ್ಕಪ್ಪನೂ ಎದುರು ಬಂದ ಅಣ್ಣನ ಮಗ ಸಿಯೋನ್ ಅಂದರೆ ಹಲ್ಲು ಕಚ್ಚಿಕೊಂಡಾದರೂ ಹರಸಬೇಕು. ಹಾಗಾಗಿ ಸಿಕ್ಕೀತೋ ಇಲ್ಲವೋ ಎಂಬ ಭಯ ಯುದೆಲ್ಕಾಗೆ ಇರಲಿಲ್ಲ. ಕೇಳಬೇಕಿತ್ತು, ಅಷ್ಟೆ. ಹೋದ ವರ್ಷದ ತಪಸ್ಸುಕಾಲದಿಂದ ಈ ವರ್ಷದ ತಪಸ್ಸುಕಾಲದವರೆಗೆ ಅವಳು ತನ್ನ ಮದ್ರಿನಾ, ಅಂದರೆ ಜ್ಞಾನಸ್ನಾನದಲ್ಲಿ ತನ್ನನ್ನು ಎತ್ತಿಕೊಂಡ ಜ್ಞಾನತಾಯಿ ದೋನ್ಯಾ ಎರ್ಸಿಲಿಯಾರನ್ನು, ಅದನ್ನು ಕೇಳಿರಲಿಲ್ಲ. ಕೇಳುವುದಾದರೆ ಇವತ್ತು ಕೇಳಬೇಕು. ಮುಂದಿನ ವಾರ ಪವಿತ್ರ ವಾರ, ಕಂಪನಿಗೆ ರಜೆ. ಪಾಸ್ಕ, ಅಂದರೆ ಈಸ್ಟರ್ ಹಬ್ಬ ಕಳೆದ ಮೇಲೆ ಈ ಊರಿನಲ್ಲಿ ಯಾರೂ ಕಾಳಿನ ಪಾಯಸ ಮಾಡುವುದಿಲ್ಲ. ತಿಂಡಿ ನಡಿಗೆಯ ಕೊನೆಯ ನಿಲುಗಡೆ ದೋನ್ಯಾ ಎರ್ಸಿಲಿಯಾರ ಹಿತ್ತಿಲಂಗಳದಿಂದ ಎಲ್ ಕೊಂದೆ ಬೀದಿಯ ಐಸ್‌ಕ್ರೀಮ್ ಅಂಗಡಿಗೆ ಬದಲಾಗುತ್ತದೆ. ಆಮೇಲೆ ಆ ಬಾಗಿಲು ತಟ್ಟಲು ಅವಳಿಗೆ ನೆವವೂ ಇರುವುದಿಲ್ಲ.

ಗುಂಪು ಬಂತು. ಹಾಲೆಂಡಿನಿಂದ ಒಂಟಿಯಾಗಿ ಬಂದ ಹಾನೆಕೆ ಎಂಬ ಎತ್ತರದ ಮುದುಕಿ, ಕೈ ಕೈ ಹಿಡಿದೇ ನಡೆಯುವ ಕೆನಡಾದ ಗಂಡಹೆಂಡತಿ, ಸದಾ ಒಟ್ಟಿಗೆ ನಗುವ ಇಬ್ಬರು ಅಕ್ಕತಂಗಿಯರು, ಕೊನೆಗೆ ರಾಂದೋಲ್ ಎಂಬ ನ್ಯೂಯಾರ್ಕಿನ ಹುಡುಗ. ಅವನ ಅಪ್ಪ ಅಮ್ಮ ಇಲ್ಲಿಯವರೇ, ಸಿಬಾವೋ ಸೀಮೆಯವರು. ಅವನು ಮಾತ್ರ ಹುಟ್ಟಿದ್ದು ಬೆಳೆದದ್ದು ಅಲ್ಲಿ. ತನ್ನ ಊರನ್ನು ತಾನೇ ಪ್ರವಾಸಿಯಾಗಿ ನೋಡಲು ಬಂದದ್ದಕ್ಕೆ ನಾಚಿಕೊಂಡವನಂತೆ ಎಲ್ಲರಿಗಿಂತ ಹಿಂದೆ ನಿಂತಿದ್ದ. ಯುದೆಲ್ಕಾ ಕೊಡೆ ಎತ್ತಿ ಸ್ವಾಗತದ ಮಾತು ಶುರುಮಾಡಿದಳು. ಮಾತು ಶುರುವಾದೊಡನೆ ಎಂದಿನಂತೆ ಮೈಯ ಗಂಟುಗಳು ಸಡಿಲವಾದವು. ಕಾಲೇಜಿನಲ್ಲಿ ಹಾಜರಿ ಕೂಗಿದಾಗ ‘ಇದ್ದೇನೆ’ ಅನ್ನುವುದಕ್ಕೂ ಬೆವರುತ್ತಿದ್ದ ಹುಡುಗಿ ಅಪರಿಚಿತರ ಮುಂದೆ ಇಷ್ಟು ಸಲೀಸಾಗಿ ಮಾತಾಡುವುದು ಹೇಗೆಂದು ಅಮ್ಮನಿಗೆ ಈಗಲೂ ಆಶ್ಚರ್ಯ. ಯುದೆಲ್ಕಾಗೆ ಅದರಲ್ಲಿ ಗುಟ್ಟೇನೂ ಇರಲಿಲ್ಲ. ಆ ಮಾತುಗಳು ಅವಳವಲ್ಲ, ಕಂಪನಿಯವು, ಭಾಷೆ ಇಂಗ್ಲಿಷು. ಇಂಗ್ಲಿಷಿನಲ್ಲಿ ಅವಳಿಗೆ ಅಮ್ಮನಿಲ್ಲ, ಓಣಿಯಿಲ್ಲ, ಮೂಗಿನ ಮೇಲಿನ ಮಚ್ಚೆಗೆ ಇಟ್ಟ ಅಡ್ಡಹೆಸರಿಲ್ಲ. ಬಾಡಿಗೆಗೆ ತಂದ ಉಡುಪಿನ ಹಾಗೆ ಅದನ್ನು ತೊಟ್ಟುಕೊಂಡು, ಬಿಚ್ಚಿಟ್ಟು, ಮನೆಗೆ ಹೋಗಬಹುದಿತ್ತು. ಒಂದೇ ಒಂದು ಸಲ ಬಿಚ್ಚುವುದಕ್ಕೆ ಮರೆತಿದ್ದಳು.

ಎಲ್ ಕೊಂದೆಯ ಮೂಲೆಯಲ್ಲಿ ಎಣ್ಣೆಯ ಬಾಣಲೆಯಿಂದ ಯಾನಿಕೇಕೆ ಎತ್ತುತ್ತಿದ್ದರು, ಅಂಗೈಯಗಲದ ಗರಿಗರಿ ರೊಟ್ಟಿ, ನಡುವೆ ಉಬ್ಬಿ ಅಂಚಿನಲ್ಲಿ ಸುಕ್ಕು. ಶುಕ್ರವಾರವಾದ್ದರಿಂದ ಮಾಂಸ ತುಂಬಿದ್ದು ಬೇಡವೆಂದು ಅವಳು ಉಪ್ಪುಮೀನಿನದನ್ನು ಹೇಳಿದಳು. ಬಾಣಲೆಯವಳು ಗುಂಪನ್ನೊಮ್ಮೆ ನೋಡಿ, “ಆ ಉದ್ದನೆ ಅಮ್ಮನಿಗೆ ಎರಡು ಕೊಡು ಮಗಳೇ, ಕಾಲಿನ ತನಕ ಇಳೀಬೇಕಲ್ಲ,” ಅಂದಳು. ಅವಳು ಏನಂದಳೆಂದು ಹಾನೆಕೆ ಕೇಳಿದಾಗ ಯುದೆಲ್ಕಾ, ನಿಮ್ಮ ಆರೋಗ್ಯ ಚೆನ್ನಾಗಿರಲಿ ಅಂತ ಹಾರೈಸಿದರು ಎಂದು ಅನುವಾದಿಸಿದಳು. ರಾಂದೋಲ್ ಹಿಂದಿನಿಂದ ಸಣ್ಣಗೆ ನಕ್ಕ. ಅವನಿಗೆ ಸ್ಪ್ಯಾನಿಷ್ ಅರ್ಥವಾಗುತ್ತದೆ ಎಂಬುದನ್ನು ಅವಳು ಆಗ ಲೆಕ್ಕಕ್ಕೆ ತೆಗೆದುಕೊಂಡಳು. ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಬೆನ್ನಿನ ನಡುವೆ ಒಂದು ಕಣ್ಣು ನೆಟ್ಟ ಹಾಗಾಯಿತು. ಮಾಬಿ ಕುಡಿಸುವ ಅಂಗಡಿಯಲ್ಲಿ ಮರದ ತೊಗಟೆಯ ಕಷಾಯಕ್ಕೆ ಸಕ್ಕರೆ ಬೆರೆಸಿ ಹುಳಿ ಬರಿಸುವುದು ಹೇಗೆಂದು ವಿವರಿಸುತ್ತಿದ್ದಾಗ ನಿನ್ನೆ ರಾತ್ರಿಯ ಊಟದ ಹೊತ್ತಿನ ಅಮ್ಮನ ದನಿ ನಡುವೆ ತೂರಿಕೊಂಡಿತು. “ಈ ಸಲ ನಿನ್ನ ಜ್ಞಾನತಾಯಿ, ನಮ್ಮ ಕೊಮಾದ್ರೆ, ಯಾಕೆ ಪಾಯಸ ಕಳಿಸ್ಲಿಲ್ಲ? ನೀನು ವಾರವಾರ ಅವಳ ಮನೆಗೇ ಹೋಗ್ತೀಯಲ್ಲ, ಒಂದು ಡಬ್ಬಿ ಕೊಟ್ಟು ಕಳಿಸೋಕೆ ಆಗಲ್ವಂತಾ?” “ಅಲ್ಲಿ ಕಂಪನಿಗೆ ಮಾಡೋದು ಅಮ್ಮ, ಹಂಚೋಕಲ್ಲ,” ಅಂದಿದ್ದಳು. “ಹಂಚೋಕಲ್ದೆ ಕಾಳಿನ ಪಾಯಸ ಯಾರು ಮಾಡ್ತಾರೆ? ನಿನ್ನ ಜ್ಞಾನಸ್ನಾನದ ತೊಟ್ಟಿಯಿಂದ ಎತ್ತಿದ ಕೈ ಅದು. ಏನಾದ್ರೂ ಅಂದ್ಯಾ ಅವಳಿಗೆ?” “ಏನೂ ಅಂದಿಲ್ಲ.” ಅದು ಸುಳ್ಳಲ್ಲ. ಏನೂ ಅಂದಿರಲಿಲ್ಲ, ಅದೇ ನಡೆದದ್ದು. ಮಾಬಿಯ ಗ್ಲಾಸು ಹಿಡಿದ ಕೆನಡಾದ ಗಂಡ, ಎಷ್ಟು ದಿನ ಹುಳಿ ಬರಿಸುತ್ತೀರಿ ಅಂತ ಇನ್ನೊಮ್ಮೆ ಕೇಳಿದ. ಬಿಸಿಲಿನ ಮೇಲೆ ಹೋಗುತ್ತದೆ, ಅಂದಳು.

ಇಳಿಜಾರು ಬೀದಿಯಲ್ಲಿ ಸಾನ್ ಫ್ರಾನ್ಸಿಸ್ಕೊ ಮಠದ ಮುರುಕು ಗೋಡೆಗಳ ಮೇಲೆ ಕೊನೆಯ ಬಿಸಿಲು ಇತ್ತು. ಎಲ್ಲರೂ ಫೋಟೋ ತೆಗೆಯಲು ನಿಂತರು. ಹೋದ ವರ್ಷ ಬೇರೊಂದು ಗುಂಪೂ ಇಲ್ಲೇ ನಿಂತಿತ್ತು, ಇದೇ ಬೆಳಕು. ಅವಳು ಕೆಲಸಕ್ಕೆ ಸೇರಿದ ಹೊಸತು. ವ್ಯವಸ್ಥಾಪಕ ಫಾಬ್ರಿಸಿಯೊ, ಹೊಸಬಳು ಹೇಗೆ ನಡೆಸುತ್ತಾಳೆ ನೋಡೋಣವೆಂದು ಕೈ ಹಿಂದೆ ಕಟ್ಟಿಕೊಂಡು ಗುಂಪಿನ ಜೊತೆ ಬರುತ್ತಿದ್ದ. “ಅಂಗಡಿ ಅಂಗಡಿ ಅಂಗಡಿ. ಒಂದು ಮನೆ ಇಲ್ವಾ ನಿನಗೆ ಗೊತ್ತಿರೋದು, ನಿಜವಾದ ಮನೆ?” ಅಂದಿದ್ದ. ಅವಳ ಬಾಯಿ ಅವಳನ್ನು ಕೇಳದೆಯೇ, ಇದೆ ಅಂದಿತ್ತು. ಆ ಮನೆಯಲ್ಲಿ ಅವತ್ತು ಪಾಯಸ ಆಗುತ್ತಿರುತ್ತದೆಂದು ಗೊತ್ತಿತ್ತು. ಆ ಮನೆಗೆ ಹೇಳಿಕಳಿಸಿ ಹೋಗಬೇಕೆಂದು ಅವಳಿಗೆ ಯಾವತ್ತೂ ಅನ್ನಿಸಿಯೇ ಇರಲಿಲ್ಲ. ಅಮ್ಮ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮಾಡುತ್ತಿದ್ದಷ್ಟು ವರ್ಷ ಅವಳು ಅಲ್ಲೇ ಮಲಗಿದವಳು, ಅಲ್ಲೇ ಜಡೆ ಹಾಕಿಸಿಕೊಂಡವಳು, ಸೋಡಾ ಬಾಟಲಿಯ ಪೆಟ್ಟಿಗೆಯನ್ನು ಕವುಚಿಹಾಕಿ ಅದರ ಮೇಲೆ ನಿಂತು ಪಾತ್ರೆ ತೊಳೆದವಳು. “ಈ ಮನೇಲಿ ಕೈ ಕಟ್ಕೊಂಡು ಕೂರೋದು ಅತಿಥಿ ಮಾತ್ರ. ನೀನು ಅತಿಥೀನಾ?” ಅನ್ನುತ್ತಿದ್ದರು ದೋನ್ಯಾ ಎರ್ಸಿಲಿಯಾ. ತೊಳೆದ ಗ್ಲಾಸನ್ನು ದೀಪಕ್ಕೆ ಹಿಡಿದು ನೋಡಿ, ಜಿಡ್ಡು ಕಂಡರೆ ಮಾತಿಲ್ಲದೆ ತಿರುಗಿ ನೀರಿಗೆ ಹಾಕುತ್ತಿದ್ದರು. ಅವತ್ತು ಬಾಗಿಲು ತಟ್ಟಿದಾಗ ಅವರೇ ಬಂದು ತೆಗೆದರು. ತೋಳಿಲ್ಲದ ಹೂವಿನ ನಿಲುವಂಗಿ, ತಲೆ ತುಂಬ ಕೂದಲು ಸುತ್ತಿಡುವ ಪ್ಲಾಸ್ಟಿಕ್ ಸುರುಳಿಗಳು, ಕೈಯಲ್ಲಿ ಪಾಯಸದ ಮರದ ಸೌಟು. ಯುದೆಲ್ಕಾಳನ್ನು ಕಂಡು ಗಲ್ಲ ತುಸು ಮೇಲೆತ್ತಿ ನಿಂತರು, ಎಂದಿನಂತೆ, ಆ ಮಾತಿಗೆ ಜಾಗ ಬಿಟ್ಟು. ಆ ಒಂದು ಗಳಿಗೆಯಲ್ಲಿ ಯುದೆಲ್ಕಾ ಅವರನ್ನು ತನ್ನ ಬೆನ್ನ ಹಿಂದೆ ನಿಂತವರ ಕಣ್ಣಿನಿಂದ ನೋಡಿದಳು. ಸುರುಳಿಗಳನ್ನು ನೋಡಿದಳು. ತೋಳಿನ ಜೋತುಬಿದ್ದ ಚರ್ಮವನ್ನು ನೋಡಿದಳು. ಹಿಂದೆ ತಿರುಗಿ ಇಂಗ್ಲಿಷಿನಲ್ಲಿ, “ಇವರು ಈ ಕೇರಿಯ ಒಬ್ಬ ಹೆಂಗಸು,” ಅಂದಳು. ಆಮೇಲೆ ಮುಂದೆ ತಿರುಗಿ, “ಶುಭ ಸಂಜೆ, ದೋನ್ಯಾ,” ಅಂದಳು.

ನಾಚಿಕೆಯಾಗಿತ್ತೇ? ಒಂದು ವರ್ಷ ಅದನ್ನೇ ಹಿಂದೆ ಮುಂದೆ ಮಾಡಿ ನೋಡಿದ್ದಳು. ನಾಚಿಕೆ ಅಂದರೆ ತಪ್ಪಾಗುತ್ತದೆ, ಅಲ್ಲವೆಂದರೂ ತಪ್ಪಾಗುತ್ತದೆ. ಸ್ವಂತದವರ ಮನೆಗೇ ಗಿರಾಕಿ ತಂದಳೆಂದು ಫಾಬ್ರಿಸಿಯೊ ಅಂದುಕೊಂಡಾನೆಂಬ ಹೆದರಿಕೆ ಇತ್ತು, ಅದು ನಿಜ. ಆದರೆ ಆ ಹೆದರಿಕೆ ಹೊಳೆದದ್ದು ಮಾತು ಬಾಯಿಂದ ಬಿದ್ದ ಮೇಲೆ, ಸಮಜಾಯಿಷಿಯ ಹಾಗೆ. ಬಾಗಿಲ ಪಕ್ಕದಲ್ಲಿ ಮೊಣಕಾಲುಗಳ ಮೇಲೆ ಹಲಗೆಯಿಟ್ಟು ದೋಮಿನೊ ಆಡುತ್ತಿದ್ದ ಮುದುಕರು ಬಿಲ್ಲೆ ಹಾಕುವುದನ್ನು ನಿಲ್ಲಿಸಿದ್ದರು. ದೋನ್ಯಾ ಎರ್ಸಿಲಿಯಾರ ಗಲ್ಲ ಮೆಲ್ಲಗೆ ಕೆಳಗಿಳಿಯಿತು. “ಶುಭ ಸಂಜೆ, ಸೆನ್ಯೋರಿತಾ,” ಅಂದರು, ಗುರುತಿಲ್ಲದ ಹುಡುಗಿಯನ್ನು ಕರೆಯುವ ಹಾಗೆ. “ಒಳಗೆ ಬನ್ನಿ. ಎಲ್ಲರೂ ಬನ್ನಿ.” ಎಲ್ಲರಿಗೂ ಬಡಿಸಿದರು. ಫಾಬ್ರಿಸಿಯೊಗೆ ಮನೆ ಬಹಳ ಹಿಡಿಸಿತು. ಈ ವರ್ಷ ಅವನೇ ಹೋಗಿ ಮಾತಾಡಿ ತಪಸ್ಸುಕಾಲದ ಶುಕ್ರವಾರಗಳಿಗೆ ಒಪ್ಪಿಸಿ ಬಂದ. ಅವರು ಒಪ್ಪಿದರೆಂದು ಕೇಳಿದಾಗ ಯುದೆಲ್ಕಾಗೆ ಸಮಾಧಾನವಾಗಿತ್ತು, ಮೊದಲ ಶುಕ್ರವಾರದ ತನಕ. ಈಗ ಅವರು ಹೂವಿನ ನಿಲುವಂಗಿಯಲ್ಲಿ ಬಾಗಿಲಿಗೆ ಬರುವುದಿಲ್ಲ. ಕೂದಲು ಬಾಚಿ, ಕಿವಿಗೆ ಮುತ್ತಿಟ್ಟು, ಚರ್ಚಿಗೆ ಹೋಗುವ ನೀಲಿ ಅಂಗಿಯಲ್ಲಿ ಬರುತ್ತಾರೆ. “ಶುಭ ಸಂಜೆ, ಸೆನ್ಯೋರಿತಾ.” “ಶುಭ ಸಂಜೆ, ದೋನ್ಯಾ.” ಖಾಲಿ ಗ್ಲಾಸು ಎತ್ತಲು ಕೈ ಚಾಚಿದರೆ, “ಬಿಡಿ ಬಿಡಿ, ನಿಮಗ್ಯಾಕೆ ತೊಂದ್ರೆ. ಕೂತ್ಕೊಳ್ಳಿ,” ಅನ್ನುತ್ತಾರೆ. ಅದರಲ್ಲಿ ಕೊಂಕಿಲ್ಲ. ಕೊಂಕಿದ್ದಿದ್ದರೆ ಹಿಡಿದುಕೊಳ್ಳಲು ಒಂದು ತುದಿ ಸಿಗುತ್ತಿತ್ತು. ಅವಳು ಕೈ ಕಟ್ಟಿಕೊಂಡು ಕೂರುತ್ತಾಳೆ.

ಬೀದಿಯ ತಿರುವಿಗೆ ಬಂದಾಗಲೇ ಲವಂಗ, ದಾಲ್ಚಿನ್ನಿ, ತೆಂಗಿನಹಾಲು ಕುದಿದ ವಾಸನೆ ಎದುರು ಬಂತು. ಒಂದು ಮನೆಯದಲ್ಲ, ಬೀದಿಗೆ ಬೀದಿಯೇ ಕುದಿಸುತ್ತಿತ್ತು. ಮುಚ್ಚಿದ ಪಾತ್ರೆ ಹಿಡಿದ ಹೆಂಗಸರು ಒಂದು ಬಾಗಿಲಿನಿಂದ ಹೊರಟು ಇನ್ನೊಂದರಲ್ಲಿ ಮಾಯವಾಗುತ್ತಿದ್ದರು. ಮನೆಯ ಪಕ್ಕದ ಕಿರಾಣಿ ಅಂಗಡಿಯ ಮುಂದೆ ದೋಮಿನೊದವರು ಇದ್ದೇ ಇದ್ದರು. ಅವರಲ್ಲಿ ಹಿರಿಯ ದೋನ್ ಫೆಲೂಚೋ ಬಿಲ್ಲೆಗಳಿಂದ ಕಣ್ಣೆತ್ತದೆ ಕೂಗಿದ.

“ಬಂದ್ಯಾ ಕುರಿ ಕಾಯೋಳೇ? ಈ ವಾರದ ಹಿಂಡು ಚೆನ್ನಾಗಿ ಮೇದಿದೆಯಾ?”

“ಚೆನ್ನಾಗಿ ಮೇದಿದೆ ದೋನ್ ಫೆಲೂಚೋ.”

“ಕೊನೇ ವಾರ ಅಲ್ವಾ? ಆಮೇಲೆ ಈ ಕಡೆ ಬರ್ತೀಯೋ, ಐಸ್‌ಕ್ರೀಮ್ ಕಡೇನೋ?”

ಅವನು ಉತ್ತರಕ್ಕೆ ಕಾಯದೆ ಬಿಲ್ಲೆಯನ್ನು ಹಲಗೆಗೆ ಟಪ್ಪೆಂದು ಬಡಿದ. ಬಾಗಿಲಿನ ಮುಂದೆ ಅವಳು ಉಸಿರೆಳೆದುಕೊಂಡಳು. ಬೆಳಗ್ಗೆಯಿಂದ ಮನಸ್ಸಿನಲ್ಲಿ ಜೋಡಿಸಿಕೊಂಡ ಕ್ರಮ: ಬಾಗಿಲು ತೆರೆಯುತ್ತದೆ, ಅವರು ‘ಶುಭ ಸಂಜೆ’ ಅನ್ನುವ ಮೊದಲು ತಾನು ಅನ್ನಬೇಕು. ಗುಂಪಿನವರು ಏನೆಂದು ಕೇಳಿದರೆ, ಇವರು ನನ್ನ ಜ್ಞಾನತಾಯಿ, ಇದು ನಮ್ಮ ಪದ್ಧತಿ. ಇಂಗ್ಲಿಷಿನಲ್ಲೂ ಕಷ್ಟದ ವಾಕ್ಯವಲ್ಲ. ತಟ್ಟಿದಳು. ಬಾಗಿಲು ತೆರೆಯಿತು. ನೀಲಿ ಅಂಗಿ, ಮುತ್ತಿನ ಓಲೆ. ನಾಲಿಗೆ ಹುಣಸೆಬೀಜವನ್ನು ಹಲ್ಲಿನ ತನಕ ತಂದಿತು.

“ಸಿಯೋನ್, ದೋನ್ಯಾ,” ಅಂತ ಹಿಂದಿನಿಂದ ರಾಂದೋಲ್ ಅಂದ.

ಅವನು ಯೋಚಿಸಿ ಅಂದದ್ದಲ್ಲ. ಬಿಳಿಗೂದಲ ಹೆಂಗಸು ಬಾಗಿಲು ತೆರೆದದ್ದೇ ಅವನ ತಲೆ ತಾನಾಗಿ ತುಸು ಬಾಗಿತ್ತು. ಅವನ ಸ್ಪ್ಯಾನಿಷ್ ಎಡವುವ ಸ್ಪ್ಯಾನಿಷ್. ಈ ಒಂದು ಮಾತು ಮಾತ್ರ ಸಿಬಾವೋದ ಯಾವುದೋ ಅಜ್ಜಿಯ ಅಡುಗೆಮನೆಯಿಂದ ನೇರ ಎದ್ದು ಬಂದಂತಿತ್ತು. ದೋನ್ಯಾ ಎರ್ಸಿಲಿಯಾರ ಮುಖ ಬಿಚ್ಚಿಕೊಂಡಿತು. “ದೇವ್ರು ಒಳ್ಳೇದು ಮಾಡ್ಲಿ ಮಗನೇ,” ಅಂದರು. “ಯಾರ ಪೈಕಿ ನೀನು?”

“ಅಜ್ಜಿ ಮೋಕಾದವರು. ಈಗಿಲ್ಲ.”

“ಚೆನ್ನಾಗಿ ಬೆಳೆಸಿದ್ದಾಳೆ. ಬಾ.” ಆಮೇಲೆ ಯುದೆಲ್ಕಾಳ ಕಡೆ ತಿರುಗಿ, “ಶುಭ ಸಂಜೆ, ಸೆನ್ಯೋರಿತಾ.”

“ಶುಭ ಸಂಜೆ, ದೋನ್ಯಾ.”

ಅಂಗಳದಲ್ಲಿ ಬ್ರೆಡ್‌ಫ್ರೂಟ್ ಮರದ ಕೆಳಗೆ ಉದ್ದ ಮೇಜು ಹಾಕಿತ್ತು, ಗ್ಲಾಸುಗಳಲ್ಲಿ ಪಾಯಸ, ಮೇಲೆ ಶಿಲುಬೆಯ ಅಚ್ಚಿನ ಪುಟ್ಟ ಬಿಸ್ಕತ್ತು. ಎಲ್ಲರೂ ಕೂತರು. ಹಾನೆಕೆ ಚಮಚ ಎತ್ತುವ ಮೊದಲು, ಆ ಹುಡುಗ ಬಾಗಿಲಲ್ಲಿ ಏನಂದ ಎಂದು ಕೇಳಿದಳು. ರಾಂದೋಲ್ ಯುದೆಲ್ಕಾಳ ಕಡೆ ನೋಡಿದ, ಹೇಳುವುದು ನಿಮ್ಮ ಕೆಲಸ ಅನ್ನುವ ಹಾಗೆ. ಅವಳು ಹೇಳಿದಳು. ಹಿರಿಯರನ್ನು ಕಂಡಾಗ ಆಶೀರ್ವಾದ ಕೇಳುವುದು, ಮಕ್ಕಳು ತಾಯಿತಂದೆಯನ್ನು, ಜ್ಞಾನಸ್ನಾನದಲ್ಲಿ ಎತ್ತಿಕೊಂಡವರನ್ನು. ಅವಳ ದನಿ ಸರಾಗವಾಗಿ ಹೋಗುತ್ತಿತ್ತು, ಮಾಬಿಯ ತೊಗಟೆಯ ಬಗ್ಗೆ ಹೇಳಿದ ಹಾಗೇ. ದೋನ್ಯಾ ಎರ್ಸಿಲಿಯಾ ಬಾಗಿಲುವಾಡದಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಿದ್ದರು. ಸಮುದ್ರದ ಕಡೆಯ ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಕೂದಲು ಹಣ್ಣಾಗುವ ತನಕ ದುಡಿದ ಹೆಂಗಸು. ಇಂಗ್ಲಿಷಿನಲ್ಲಿ ಮಾತಾಡುವುದಿಲ್ಲ, ಆದರೆ ಕೇಳಿದರೆ ಒಂದಕ್ಷರ ಬಿಡುವುದಿಲ್ಲ. ಈ ಕೇರಿಯ ಒಬ್ಬ ಹೆಂಗಸು. ಹೋದ ವರ್ಷ ಅದೂ ಕಿವಿಗೆ ಬಿದ್ದಿತ್ತು ಎಂಬುದು ಯುದೆಲ್ಕಾಗೆ ಹೊಳೆದದ್ದು ವಾರಗಳ ನಂತರ, ಹಾಸಿಗೆಯಲ್ಲಿ, ಒಂದೇ ಏಟಿಗೆ.

“ಯಾರಾದ್ರೂ ಕೇಳದೇ ಇದ್ರೆ?” ಅಂದಳು ಹಾನೆಕೆ.

“ಕೇಳದೇ ಇರಲ್ಲ ಯಾರೂ.”

“ಅಕಸ್ಮಾತ್ ಕೇಳದೇ ಇದ್ರೆ?”

ರಾಂದೋಲ್ ಪಾಯಸದಲ್ಲಿ ಗೆಣಸಿನ ತುಂಡನ್ನು ಹುಡುಕುತ್ತಿದ್ದವನು ಚಮಚ ನಿಲ್ಲಿಸಿದ.

“ಕೇಳದೇ ಇದ್ರೆ,” ಅಂದಳು ಯುದೆಲ್ಕಾ, “ನಾನು ನಿಮ್ಮವಳಲ್ಲ ಅಂದ ಹಾಗೆ.”

ಅಕ್ಕತಂಗಿಯರಿಗೆ ಇದು ಬಹಳ ಇಷ್ಟವಾಯಿತು. ನಾವೂ ಕೇಳೋಣ ಅಂದರು. ಎದ್ದರು. ಯುದೆಲ್ಕಾ ತಡೆಯಲು ಯಾವ ವಾಕ್ಯವನ್ನೂ ಜೋಡಿಸಿಕೊಳ್ಳುವ ಮೊದಲೇ ಅವರು ದೋನ್ಯಾ ಎರ್ಸಿಲಿಯಾರ ಮುಂದೆ ನಿಂತು, ಸಿ-ಯೋನ್ ಎಂದು ಬಿಡಿಸಿ ಅಂದು ನಕ್ಕರು. “ದೇವ್ರು ಒಳ್ಳೇದು ಮಾಡ್ಲಿ,” ಅಂದರು ಅವರು, ಇಬ್ಬರಿಗೂ ಬೇರೆ ಬೇರೆಯಾಗಿ. ಕೆನಡಾದ ಗಂಡಹೆಂಡತಿ ಕೈ ಬಿಡದೆಯೇ ಬಂದು ಕೇಳಿದರು. ಹಾನೆಕೆ ತನ್ನ ಎತ್ತರವನ್ನೆಲ್ಲ ಬಗ್ಗಿಸಿ ಕೇಳಿದಳು. ಅವಳಿಗಿಂತ ದೋನ್ಯಾ ಎರ್ಸಿಲಿಯಾ ಬಹುಶಃ ಚಿಕ್ಕವರು, ಆದರೂ ಅಂಗೈಯನ್ನು ಅವಳ ತಲೆಯ ಮೇಲೆ ಒಂದು ಕ್ಷಣ ಇಟ್ಟು ಹರಸಿದರು. ಹಾನೆಕೆಯ ಕಣ್ಣಂಚು ಕೆಂಪಾಯಿತು. ತನ್ನ ತಲೆಯ ಮೇಲೆ ಯಾರೂ ಕೈ ಇಟ್ಟು ಎಷ್ಟು ಕಾಲವಾಯಿತೋ ಅಂದಳು. ಅವಳು ಪಕ್ಕಕ್ಕೆ ಸರಿದಾಗ ದೋನ್ಯಾ ಎರ್ಸಿಲಿಯಾರ ಮುಂದೆ ಜಾಗ ಖಾಲಿಯಾಯಿತು. ಎಲ್ಲರೂ ಸಹಜವಾಗಿ ಯುದೆಲ್ಕಾಳನ್ನು ನೋಡಿದರು, ಆಟದಲ್ಲಿ ಮುಂದಿನ ಸರದಿಯವರನ್ನು ನೋಡುವ ಹಾಗೆ. ಅದು ಸುಲಭವಾಗಿತ್ತು, ಎಂದಿಗಿಂತ ಸುಲಭ. ನಗುತ್ತ ಹೋಗಿ ಅಂದುಬಿಟ್ಟರೆ ಮುಗಿಯಿತು; ಆರು ಜನರ ಹಿಂದೆ ಏಳನೆಯವಳಾಗಿ, ತಿಂಡಿ ನಡಿಗೆಯ ಒಂದು ತಮಾಷೆಯಾಗಿ. ಅವಳಿಗೆ ಅದು ಕಂಡಿತು. ದೋನ್ಯಾ ಎರ್ಸಿಲಿಯಾರಿಗೂ ಅದು ಕಂಡಿತೆಂದು ಅವರ ಕಣ್ಣಿನಿಂದ ತಿಳಿಯಿತು. “ಪಾಯಸ ಆರುತ್ತದೆ, ತಗೊಳ್ಳಿ,” ಅಂದಳು ಯುದೆಲ್ಕಾ ಗುಂಪಿಗೆ.

ಹಾನೆಕೆ ಮಾತ್ರ ಬಿಡುವವಳಲ್ಲ. ಕೂತವಳು ಚಮಚದಿಂದ ತೋರಿಸುತ್ತ, ಈ ತಾಯಿಗೆ ತಾನು ಎತ್ತಿಕೊಂಡ ಮಕ್ಕಳು ಇದ್ದಾರೆಯೇ ಕೇಳು, ಅಂದಳು. ಯುದೆಲ್ಕಾ ಸ್ಪ್ಯಾನಿಷಿನಲ್ಲಿ ಕೇಳಿದಳು. “ದೋನ್ಯಾ, ಇವರು ಕೇಳ್ತಿದ್ದಾರೆ, ನಿಮಗೆ ಜ್ಞಾನಮಕ್ಕಳು ಇದ್ದಾರಾ ಅಂತ.”

“ಇದ್ದಾಳೆ ಒಬ್ಬಳು.”

“ಒಬ್ಬಳು ಇದ್ದಾಳಂತೆ,” ಅಂದಳು ಇಂಗ್ಲಿಷಿನಲ್ಲಿ.

“ಹತ್ತಿರದಲ್ಲಿದ್ದಾಳಾ? ಬರ್ತಾ ಇರ್ತಾಳಾ?”

“ವಾರವಾರ ಬರ್ತಾಳೆ,” ಅಂದರು ದೋನ್ಯಾ ಎರ್ಸಿಲಿಯಾ, ಪ್ರಶ್ನೆಯ ಅನುವಾದಕ್ಕೆ ಕಾಯದೆ. “ಕೆಲಸ ಜಾಸ್ತಿ ಪಾಪ. ನಿಂತ ಕಾಲಲ್ಲೇ ಬಂದು ಹೋಗ್ತಾಳೆ. ಬಹಳ ಓದಿದ್ದಾಳೆ. ಚಿಕ್ಕವಳಿದ್ದಾಗ ಮಾತೇ ಆಡ್ತಿರಲಿಲ್ಲ, ಎಲ್ಲಾರೂ ಮೂಗಿ ಅಂದ್ಕೊಂಡಿದ್ರು. ಮೊದಲು ಬಾಯಿ ಬಿಟ್ಟು ಅಂದಿದ್ದೇ ಸಿಯೋನ್ ಅಂತ. ನನಗೆ. ಅವಳಮ್ಮನಿಗೂ ಅಲ್ಲ.”

ಇದನ್ನು ಯುದೆಲ್ಕಾ ಒಂದೊಂದೇ ವಾಕ್ಯವಾಗಿ ಇಂಗ್ಲಿಷಿಗೆ ದಾಟಿಸಿದಳು. ಅವಳು ಬರುತ್ತಾಳಂತೆ. ಅವಳಿಗೆ ಕೆಲಸ ಜಾಸ್ತಿಯಂತೆ. ಅವಳು ಮೊದಲು ಆಡಿದ ಮಾತು ಅದಂತೆ. ಒಂದನ್ನೂ ಬಿಡಲಿಲ್ಲ, ಬಾಣಲೆಯವಳ ಮಾತನ್ನು ತಿರುಚಿದ ಹಾಗೆ ತಿರುಚಲಿಲ್ಲ. ಎರಡೂ ಭಾಷೆ ತಿಳಿದು ಕೇಳಿಸಿಕೊಳ್ಳುವವರು ಇಬ್ಬರಿದ್ದರು, ರಾಂದೋಲ್ ಮತ್ತು ದೋನ್ಯಾ ಎರ್ಸಿಲಿಯಾ. ದನಿ ಎಲ್ಲಿಯೂ ಒಡೆಯದೆ ಹೋಯಿತು. ಎಷ್ಟು ಚೆನ್ನಾಗಿ ಅನುವಾದ ಮಾಡ್ತೀರಿ, ಅಂದಳು ಕೆನಡಾದ ಹೆಂಡತಿ.

ಗುಂಪನ್ನು ಚೌಕದ ತನಕ ಕರೆತಂದು ಬೀಳ್ಕೊಟ್ಟಳು. ಅಕ್ಕತಂಗಿಯರು ಅಪ್ಪಿಕೊಂಡರು, ಹಾನೆಕೆ ಕೈ ಕುಲುಕಿದಳು. ಎಲ್ಲರೂ ಹೋದ ಮೇಲೂ ರಾಂದೋಲ್ ಕಾಲಿನಿಂದ ಒಂದು ಕಲ್ಲನ್ನು ಹೊರಳಿಸುತ್ತ ನಿಂತಿದ್ದ. “ನಮ್ಮಜ್ಜೀನೂ ಹಾಗೇ ಮಾತಾಡೋರು,” ಅಂದ ಕೊನೆಗೆ, ಎಡವುವ ಸ್ಪ್ಯಾನಿಷಿನಲ್ಲಿ. “ಎದುರಿಗೇ ಇರೋರ ಬಗ್ಗೆ, ಊರಲ್ಲೇ ಇಲ್ಲದವರ ಥರ.” ಕಲ್ಲನ್ನು ಇನ್ನೊಮ್ಮೆ ಹೊರಳಿಸಿದ. “ಕ್ಷಮಿಸಿ. ಬಾಗಿಲಲ್ಲಿ ನಾನು ನಡುವೆ ಬಾಯಿ ಹಾಕ್ದೆ ಅನ್ಸುತ್ತೆ.” “ಇಲ್ಲ,” ಅಂದಳು, “ನೀವು ಸರಿಯಾಗೇ ಅಂದ್ರಿ.” ಅವನು ಹೋದ. ಕೈ ಹಗುರವೆನ್ನಿಸಿ ನೋಡಿಕೊಂಡಳು; ಕೊಡೆ ಇರಲಿಲ್ಲ. ಬ್ರೆಡ್‌ಫ್ರೂಟ್ ಮರಕ್ಕೆ ಒರಗಿಸಿಟ್ಟಿದ್ದು ನೆನಪಿತ್ತು. ಮರೆತದ್ದೋ ಬಿಟ್ಟುಬಂದದ್ದೋ ಅವಳಿಗೇ ಖಚಿತವಿರಲಿಲ್ಲ. ಕಂಪನಿಯ ಕೊಡೆ, ತರಲೇಬೇಕು ಅಂದುಕೊಂಡಳು. ಇಂಥ ನೆವಗಳ ಮೇಲೆ ಕಾಲು ಇಟ್ಟೇ ಜೀವನವೆಲ್ಲ ನಡೆದಿದ್ದೇನೆ ಅಂತಲೂ ಅಂದುಕೊಂಡಳು, ಆದರೆ ಕಾಲು ಆಗಲೇ ಇಳಿಜಾರು ಹಿಡಿದಿತ್ತು.

ಅರ್ಧ ದಾರಿಯಲ್ಲಿ ಕರೆಂಟು ಹೋಯಿತು. ಬೀದಿಯುದ್ದಕ್ಕೂ ರೇಡಿಯೋಗಳು ಒಮ್ಮೆಲೇ ಬಾಯಿ ಮುಚ್ಚಿದವು. ಯಾರೋ ಸರ್ಕಾರಕ್ಕೆ ಎಂದಿನ ಬೈಗುಳ ಬೈದರು. ದೋಮಿನೊದವರು ಫೋನಿನ ಬೆಳಕಿನಲ್ಲಿ ಆಟ ಮುಂದುವರಿಸಿದ್ದರು. ಬಾಗಿಲು ಅಗುಳಿ ಹಾಕದೆ ಬರೀ ಓರೆ ಮಾಡಿತ್ತು. ಒಳಗಿನ ಕತ್ತಲಲ್ಲಿ ಪಾತ್ರೆಯ ತಳ ಕೆರೆಯುವ ಸದ್ದು. ಕತ್ತಲೆ ಅವಳಿಗೆ ಅನುಕೂಲವಾಗಿ ಕಂಡಿತು. ಹೊಸ್ತಿಲ ಹತ್ತಿರ ನಿಂತಳು.

“ಯಾರದು?”

“ನಾನು.”

“ನಾನು ಅಂದ್ರೆ ಯಾರು?”

“ಸಿಯೋನ್...” ಅಂತ ಬಾಯಿ ತೆರೆದಳು, ಬೀಜ ಕೊನೆಗೂ ತುಟಿ ದಾಟಿತು, ಅದೇ ಗಳಿಗೆಯಲ್ಲಿ ಕರೆಂಟು ಬಂತು. ಬೀದಿಗೆ ಬೀದಿಯೇ “ಬಂತು, ಬಂತು” ಎಂದು ಕೂಗಿತು, ಮಕ್ಕಳು ತಟ್ಟೆ ಬಡಿದರು, ರೇಡಿಯೋಗಳು ಹಾಡಿನ ನಡುವಿನಿಂದ ಎದ್ದವು. ಅವಳ ಮಾತು ಅದರಲ್ಲಿ ಎಲ್ಲಿ ಹೋಯಿತೋ. ದೋನ್ಯಾ ಎರ್ಸಿಲಿಯಾ ಬಾಗಿಲಿಗೆ ಬಂದಿದ್ದರು. ನೀಲಿ ಅಂಗಿ ಬಿಚ್ಚಿಟ್ಟು ಹೂವಿನ ನಿಲುವಂಗಿ ತೊಟ್ಟಿದ್ದರು, ನಾಳೆಯ ಕೂದಲಿಗೆಂದು ಸುರುಳಿಗಳನ್ನು ಆಗಲೇ ಸುತ್ತಿಯಾಗಿತ್ತು, ಒಂದು ಸುರುಳಿ ಇನ್ನೂ ಬೆರಳಿನಲ್ಲಿತ್ತು. ಬೀದಿದೀಪ ಇಬ್ಬರ ಮೇಲೂ ನೇರವಾಗಿ ಬಿದ್ದಿತ್ತು. “ಕೊಡೆ ಅಲ್ಲಿದೆ, ಸೆನ್ಯೋರಿತಾ,” ಅಂದರು. ಎಡಗಡೆ ದೋಮಿನೊದವರು ಆಟ ನಿಲ್ಲಿಸಿ ನೋಡುತ್ತಿರುವುದು ಅವಳ ಕೆನ್ನೆಗೆ ತಾಗಿತು. ಹೋದ ವರ್ಷದವರೇ, ಅದೇ ಹಲಗೆ. ಸುರುಳಿಗಳೂ ಅವೇ, ತೋಳೂ ಅದೇ. ಈ ಸಲ ಬೆನ್ನ ಹಿಂದೆ ಯಾರೂ ಇರಲಿಲ್ಲ, ನೋಡಲು ಅವಳ ಎರಡು ಕಣ್ಣು ಬಿಟ್ಟರೆ ಬೇರೆ ಕಣ್ಣಿರಲಿಲ್ಲ.

“ಸಿಯೋನ್, ಮದ್ರಿನಾ,” ಅಂದಳು. ದನಿ ಬೇಕಾದದ್ದಕ್ಕಿಂತ ಜೋರಾಯಿತು. ಬೀದಿಯ ಆಚೆ ಬದಿಯವರನ್ನು ಕರೆದ ಹಾಗೆ.

ದೋನ್ಯಾ ಎರ್ಸಿಲಿಯಾ ಗಲ್ಲ ಎತ್ತಲಿಲ್ಲ. “ದೇವ್ರು ಒಳ್ಳೇದು ಮಾಡ್ಲಿ,” ಅಂದರು. ಅಷ್ಟೆ. ಆರು ಜನಕ್ಕೆ ಅಂದ ಅದೇ ಮಾತು, ಅದೇ ತೂಕ, ಹಾನೆಕೆಯ ತಲೆಯ ಮೇಲಿಟ್ಟ ಅಂಗೈಯೂ ಇಲ್ಲ. ಕೈಯಲ್ಲಿದ್ದ ಸುರುಳಿಯನ್ನು ಹಣೆಯ ಮೇಲೆ ಸಿಕ್ಕಿಸಿಕೊಂಡು ಒಳಗೆ ತಿರುಗಿದರು. ಯುದೆಲ್ಕಾ ನಿಂತೇ ಇದ್ದಳು. ಕೇಳಿದವರಿಗೆ ಸಿಗುವುದು ಸಿಕ್ಕಿತ್ತು. ಇನ್ನು ಕೊಡೆ ತೆಗೆದುಕೊಂಡು ಹೊರಡಬಹುದು. ಅಂಗಳ ದಾಟಿ ಮರದ ಹತ್ತಿರ ಹೋಗಿ ಅದನ್ನು ಎತ್ತಿಕೊಂಡಳು.

“ಅದನ್ನ ಹಿಡ್ಕೊಂಡು ನಿಂತಿದ್ರೆ ಆಯ್ತಾ?” ಅಡುಗೆಮನೆಯಿಂದ ದನಿ ಬಂತು. “ಗ್ಲಾಸೆಲ್ಲ ಹಾಗೇ ಬಿದ್ದಿದೆ. ಪಾಯಸ ಒಣಗಿದ್ರೆ ಉಗುರು ಹಾಕಿ ಕೆರೆದ್ರೂ ಬರಲ್ಲ.”

ಹೊರಗೆ ಒಂದು ಬಿಲ್ಲೆ ಹಲಗೆಗೆ ಬಿತ್ತು. “ನಿನ್ನ ಸರದಿ ಕಣಯ್ಯಾ, ಬೇರೆಯವರ ಮನೆ ನೋಡ್ತಾ ಕೂತ್ರೆ ಹೆಂಗೆ,” ಅಂತ ದೋನ್ ಫೆಲೂಚೋ ಯಾರನ್ನೋ ಗದರಿಸಿದ.

ಕೊಡೆಯನ್ನು ತಿರುಗಿ ಮರಕ್ಕೆ ಒರಗಿಸಿ, ಗ್ಲಾಸುಗಳನ್ನು ಬೆರಳುಗಳಿಗೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಸೋಡಾ ಪೆಟ್ಟಿಗೆ ತೊಟ್ಟಿಯ ಕೆಳಗೇ ಇತ್ತು, ಈಗ ಅದರಲ್ಲಿ ಈರುಳ್ಳಿ. ಮೇಲಿನ ಹಲಗೆಯ ಮೇಲೆ ಪಾಯಸದ ನೀಲಿ ಎನಾಮೆಲ್ ಪಾತ್ರೆಯೊಂದು ತಟ್ಟೆ ಮುಚ್ಚಿಕೊಂಡು ಕೂತಿತ್ತು. ಯಾರಿಗೆಂದು ಅವಳು ಕೇಳಲಿಲ್ಲ. ನೀರು ತಣ್ಣಗಿತ್ತು, ಸಾಬೂನು ನೊರೆ ಕೊಡಲಿಲ್ಲ, ಗಾಜಿಗೆ ಅಂಟಿದ ತೆಂಗಿನಹಾಲಿನ ಜಿಡ್ಡು ಬೆರಳಿಗೆ ಮೆತ್ತಿತು. ತೊಳೆದ ಮೊದಲ ಗ್ಲಾಸನ್ನು ದೋನ್ಯಾ ಎರ್ಸಿಲಿಯಾ ತೆಗೆದುಕೊಂಡು ದೀಪಕ್ಕೆ ಹಿಡಿದರು, ಒಮ್ಮೆ ತಿರುಗಿಸಿ ನೋಡಿದರು, ಏನೂ ಅನ್ನದೆ ತಿರುಗಿ ನೀರಿಗೆ ಹಾಕಿದರು.